ಒಣಗಿದ ರಟ್ಟು

ಲಾರಿಯವರೆಲ್ಲ ಅವನನ್ನು ರಟ್ಟು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಎಂಜಿನ್ನಿನ ನೀರು ಸೋರುತ್ತಿದೆ ಎಂದು ಯಾರಾದರೂ ಗಾಡಿ ತಂದು ನಿಲ್ಲಿಸಿದರೆ, ಸ್ಪ್ಯಾನರ್ ಮುಟ್ಟುವ ಮೊದಲು ಹಳೇ ಪೆಟ್ಟಿಗೆಯ ರಟ್ಟೊಂದನ್ನು ಬಿಚ್ಚಿ ಎಂಜಿನ್ನಿನ ಕೆಳಗೆ ಹಾಸುತ್ತಿದ್ದ. ಬೆಳಗ್ಗೆ ಅದರ ಮೇಲಿನ ಕಲೆ ನೋಡಿ ಇದು ಮೇಲಿನ ಪೈಪಿನದು, ಇದು ಪಂಪಿನದು, ಇದು ರೇಡಿಯೇಟರ್ ಬುಡದ್ದು ಎಂದು ಹೇಳಿಬಿಡುತ್ತಿದ್ದ. ಮೂವತ್ತು ವರ್ಷದಲ್ಲಿ ಹೇಳಿದ್ದು ತಪ್ಪಿರಲಿಲ್ಲವಂತೆ. ತಪ್ಪಿದ್ದರೂ ಎದುರಿಗೆ ನಿಂತು ಹೇಳುವ ಧೈರ್ಯ ಯಾರಿಗಿತ್ತು? ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಮಗಳು ಲಾರಿ ಓಡಿಸುತ್ತೇನೆ ಎಂದಾಗ ನೆಂಟರೆಲ್ಲ ಮೂಗು ಮುರಿದರು. ಇವನು ಮಾತ್ರ ಪಕ್ಕದಲ್ಲಿ ಕೂತು ಕಲಿಸಿದ. ಸ್ಟೀರಿಂಗ್ ಹಿಡಿದಾಗ ಫೋನ್ ಮುಟ್ಟಬಾರದು, ಗುಡ್ಡ ಹತ್ತುವ ಮೊದಲು ನಿಲ್ಲಿಸಿ ನೀರು ನೋಡಲೇಬೇಕು ಎಂದು ಸಾವಿರ ಸಲ ಹೇಳಿದ. ಅವಳು ಎರಡನ್ನೂ ಚಾಚೂ ತಪ್ಪದೆ ಪಾಲಿಸಿದಳು. ಗುಡ್ಡದ ಬುಡದ ಚಹಾ ಅಂಗಡಿಯವನು ಅವಳ ಲಾರಿ ನಿಂತದ್ದು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ.

ಆ ಲಾರಿಯೇ ಈಗ ನೀರು ಕುಡಿಯತೊಡಗಿತ್ತು. ಮೇಸ್ತ್ರಿ ರಟ್ಟು ಹಾಸಿದ, ಕಲೆ ಕಂಡ, ಪಂಪಿನ ಪಕ್ಕದ ಪೈಪಿನ ಬಿರುಕು ಬಿಟ್ಟ ತುದಿಯನ್ನು ಕೊಯ್ದು ಹೊಸ ಕ್ಲಿಪ್ ಬಿಗಿದ. ಮರುದಿನ ಹೊಸದಾಗಿ ಹಾಸಿದ ರಟ್ಟು ಒಣಗಿಯೇ ಇತ್ತು. ಅದರ ಮರುದಿನವೂ ಒಣಗಿತ್ತು. ಆದರೂ ಮೂರನೇ ಬೆಳಗ್ಗೆ, ಸರಕು ತುಂಬಿ ಹೊರಡುವ ಹೊತ್ತಿಗೆ, ಮಗಳು ಖಾಲಿ ಕ್ಯಾನ್ ಹಿಡಿದು ಅವನೆದುರು ನಿಂತಳು.

“ಅಪ್ಪಾ, ಮತ್ತೆ ಒಂದು ಲೀಟರ್ ಹಿಡೀತು. ಎಲ್ಲಿಗೆ ಹೋಗ್ತಿದೆ ಇದು?”

“ಒಳಗೆ ಗಾಳಿ ಸಿಕ್ಕೊಂಡಿತ್ತು ಕಣೇ. ಆ ಗಾಳಿ ಹೊರಗೆ ಹೋದ್ಮೇಲೆ ನೀರಿನ ಮಟ್ಟ ಇಳಿಯುತ್ತೆ.”

“ನಿನ್ನೇನೂ ನೀವು ಹಾಗೇ ಅಂದ್ರಿ. ಎಂಜಿನ್ ಹೆಡ್ ಬಿಚ್ಚಿ ಒಳಗೆ ನೋಡೋಣ್ವಾ? ಒಂದು ದಿನ ನಿಂತ್ರೆ ಏನೂ ಮುಳುಗಿ ಹೋಗಲ್ಲ.”

ಪಕ್ಕದ ಟೈರ್ ಅಂಗಡಿಯವನು ಕಿಸಕ್ಕೆಂದ. “ಏನ್ ಮೇಸ್ತ್ರಿ, ಮಗಳೇ ಈಗ ಮೇಸ್ತ್ರಿ ಆದ್ಲಲ್ಲ!”

ಅಷ್ಟು ಸಾಕಾಯಿತು. ಅವನು ರಟ್ಟನ್ನು ಎಳೆದು ಮಗಳ ಮುಖದ ಮುಂದೆ ಹಿಡಿದ.

“ಇದರಲ್ಲಿ ಒಂದು ಹನಿ ತೋರಿಸು! ನನ್ನ ಕೆಲಸದ ಮೇಲೆ ನಂಬಿಕೆ ಇದ್ರೆ ಇವತ್ತು ಗುಡ್ಡದ ಕೆಳಗೂ ನಿಲ್ಲಿಸ್ಬೇಡ. ಇಲ್ದಿದ್ರೆ ಬೇರೆ ಗ್ಯಾರೇಜ್ ನೋಡ್ಕೋ.”

ಮಗಳು ಅವನನ್ನೇ ನೋಡಿದಳು. “ಆಯ್ತಪ್ಪ,” ಎಂದು ಹತ್ತಿ ಕೂತಳು. ಲಾರಿ ಹೊರಟುಹೋಯಿತು.

ಗೆದ್ದ ಖುಷಿ ಬರಬೇಕಿತ್ತು, ಬರಲಿಲ್ಲ. ಅರ್ಧ ಗಂಟೆಯ ಮೇಲೆ ಪೊರಕೆ ಹಿಡಿದು ಲಾರಿ ನಿಂತಿದ್ದ ಜಾಗ ಗುಡಿಸತೊಡಗಿದ. ರಟ್ಟು ಹಾಸಿದ್ದ ಕಡೆ ನೆಲದಲ್ಲಿ ಪಸೆಯೂ ಇರಲಿಲ್ಲ. ಹಿಂದೆ, ಹೊಗೆ ಬಿಡುವ ಸೈಲೆನ್ಸರ್ ಬಾಯಿ ಇದ್ದ ಕಡೆ, ಗೋಡೆಯ ಮೇಲೆ ತಟ್ಟೆಯಗಲದ ಒದ್ದೆ ಕಂಡಿತು. ಬೆರಳಲ್ಲಿ ಒರೆಸಿ ಮೂಸಿದ. ಮಸಿಯ ಘಾಟಿನ ಜೊತೆಗೆ, ಎಂಜಿನ್ನಿನ ನೀರಿಗೆ ಬೆರೆಸುವ ಕೂಲೆಂಟಿನ ಸಿಹಿ ವಾಸನೆ.

ನೀರು ಕೆಳಗೆ ಬೀಳುತ್ತಲೇ ಇರಲಿಲ್ಲ. ಹೆಡ್ಡಿನ ಕೆಳಗೆ ನೀರನ್ನು ತಡೆಯುವ ಗ್ಯಾಸ್ಕೆಟ್ ಸೀಳಿದೆ, ನೀರು ಎಂಜಿನ್ನಿನ ಒಳಕ್ಕೇ ಇಳಿದು ಹೊಗೆಯ ಜೊತೆ ಹೋಗುತ್ತಿದೆ. ಮೂವತ್ತು ವರ್ಷದಲ್ಲಿ ಅವನು ಒಂದು ಸಲವೂ ಆ ಕಡೆ ರಟ್ಟು ಹಾಸಿರಲಿಲ್ಲ. ತುಂಬಿದ ಲಾರಿ, ಕಡಿದಾದ ಏರು, ಒಂದು ಬದಿಗೆ ಪ್ರಪಾತ. ನಡುವೆ ಎಂಜಿನ್ ಕಾದು ಕಚ್ಚಿಕೊಂಡು ನಿಂತರೆ, ಬ್ರೇಕಿಗೂ ನಿಲ್ಲದೆ ಗಾಡಿ ಹಿಂದಕ್ಕೆ ಜಾರಬಹುದು.

ಮಗಳಿಗೆ ಫೋನ್ ಮಾಡಿದ. ಮತ್ತೆ ಮಾಡಿದ. ರಿಂಗಾಗುತ್ತಲೇ ಇತ್ತು, ಅವಳು ಎತ್ತಲಿಲ್ಲ. ಎತ್ತಬಾರದೆಂದು ಅವನೇ ಕಲಿಸಿದ್ದ.

ಚಹಾ ಅಂಗಡಿಗೆ ಮಾಡಿದ. “ಅವಳನ್ನ ನಿಲ್ಲಿಸು ಮಾರಾಯ! ರಸ್ತೆಗೆ ಅಡ್ಡ ನಿಂತಾದ್ರೂ ನಿಲ್ಲಿಸು!”

“ಅಯ್ಯೋ, ಈಗ ತಾನೇ ಹೋದ್ಲಲ್ಲ ಮೇಸ್ತ್ರಿ. ಯಾವತ್ತೂ ನಿಲ್ಲಿಸೋಳು ಇವತ್ತು ನಿಲ್ಲಿಸ್ಲೇ ಇಲ್ಲ. ಬರೀ ಹಾರ್ನ್ ಹೊಡೆದು ಕೈ ಬೀಸಿದ್ಲು.” ಅವನು ಅಂಗಡಿಯಿಂದ ಹೊರಬಂದು ಗುಡ್ಡದ ಕಡೆ ನೋಡಿದ. “ಮೇಸ್ತ್ರಿ, ಮೇಲೆ ತಿರುವಿನಲ್ಲಿ ಅದೇನು ಅಷ್ಟೊಂದು ಬಿಳೀ ಹೊಗೆ?”

ಹುಟ್ಟಿದಾಗಿನಿಂದ ಆ ಮಗಳು ಅಪ್ಪನ ಮಾತು ಮೀರಿದವಳಲ್ಲ. ಇದೊಂದು ಸಲ ಮೀರಲಿ, ನಿಲ್ಲಿಸಲಿ ಎಂದು ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡು, ಟೈರ್ ಅಂಗಡಿಯವನು ನೋಡುತ್ತಿದ್ದಂತೆಯೇ ಗೊಳೋ ಎಂದು ಅತ್ತ.