ಟೀವಿಯ ಬೆನ್ನಿಗೆ ಕೈ ಮುಗಿದವರು

ನಾನು ಸಿನಿಮಾ ನೋಡಲು ಕಲಿತದ್ದು ಕೊರಟಗೆರೆಯ ಟೆಂಟಿನಲ್ಲಿ, ಮರಳಿನ ಮೇಲೆ ಕೂತು. ಎಪ್ಪತ್ತರ ದಶಕದ ಆ ಟೆಂಟಿನಲ್ಲಿ ಇದ್ದದ್ದು ನೆಲ, ಬೆಂಚು, ಕುರ್ಚಿ ಎಂಬ ಮೂರೇ ಜಾತಿ. ಯಾವ ಜಾತಿಗೆ ಸೇರಬೇಕೆಂಬುದನ್ನು ಟಿಕೆಟ್ಟಿನ ಕಿಂಡಿಯ ಮುಂದೆ ನಿಂತು ನಾವೇ ತೀರ್ಮಾನಿಸಬಹುದಿತ್ತು. ಅಷ್ಟು ಸಲೀಸಾಗಿ ಜಾತಿ ಬದಲಾಯಿಸುವ ಅವಕಾಶ ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ. ನಮ್ಮದು ಊರ ಹೊರಗಿನ ಕಾಲೋನಿ. ಅವ್ವ ಕೂಲಿಗೆ ಹೋಗುತ್ತಿದ್ದ ಹೊಲದ ಯಜಮಾನರ ಹೆಂಡತಿ ಒಂದು ಸಲ ನಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತು, ದೀಪ ಆರಿದ ಮೇಲೆ ಅವ್ವನ ಹೆಗಲಿಗೆ ಒರಗಿ ಗೊಳೋ ಎಂದು ಅತ್ತಿದ್ದರು. ಮಧ್ಯಂತರಕ್ಕೆ ದೀಪ ಹತ್ತಿದ ಕೂಡಲೇ ಎರಡು ಮೊಳ ಆಚೆ ಸರಿದು ಕಡಲೆಕಾಯಿ ತಿನ್ನತೊಡಗಿದರು. ಹೀಗಾಗಿ ಸಿನಿಮಾದಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಕತ್ತಲು ಎಂಬ ಅಭಿಪ್ರಾಯ ನನಗೆ ಚಿಕ್ಕಂದಿನಲ್ಲೇ ಬಂದುಬಿಟ್ಟಿತು.

ನಾಯಕರ ಬಗ್ಗೆ ನನಗೆ ದೊಡ್ಡ ಗೌರವವೇನೂ ಬೆಳೆಯಲಿಲ್ಲ. ಹಾಡು ಬಂತೆಂದರೆ ರಾಗಿ ಹೊಲದ ಬದುವಿನ ಮೇಲೆ ಓಡುವವರು ಅವರು. ಹೊಲದೊಳಗೆ ಬಗ್ಗಿಕೊಂಡು ಕಳೆ ಕೀಳುತ್ತಿರುವವರು ಯಾರೆಂದು ಒಂದು ದಿನವೂ ತಿರುಗಿ ನೋಡಿದವರಲ್ಲ. ನನಗೆ ಇಷ್ಟವಾಗುತ್ತಿದ್ದವನು ಖಳನಾಯಕ. ಇಡೀ ಸಿನಿಮಾದಲ್ಲಿ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವನು ಅವನೊಬ್ಬನೇ. ಉಯಿಲು ತಿದ್ದಬೇಕು, ಗೋದಾಮಿಗೆ ಬೆಂಕಿ ಇಡಬೇಕು, ನಾಯಕನ ಅಣ್ಣನನ್ನು ಕಂಬಕ್ಕೆ ಕಟ್ಟಬೇಕು. ಪಾಪ, ಕೂತು ಉಣ್ಣಲಿಕ್ಕೂ ಅವನಿಗೆ ಬಿಡುವಿರುತ್ತಿರಲಿಲ್ಲ.

ನಮ್ಮಂಥವರ ಮೇಲೆ ಕರುಣೆ ಸುರಿಸುವ ಸಿನಿಮಾಗಳೂ ಬರುತ್ತಿದ್ದವು. ಅಂಥದ್ದೊಂದನ್ನು ಅವ್ವನೂ ನಾನೂ ಮಧುಗಿರಿಗೆ ಹೋಗಿ ನೋಡಿದೆವು. ಜಮೀನ್ದಾರರ ಮಗ ಕೇರಿಯ ಹುಡುಗಿಯನ್ನು ಮೆಚ್ಚುತ್ತಾನೆ, ಊರೆಲ್ಲ ದೊಣ್ಣೆ ಹಿಡಿದು ಎದ್ದು ನಿಲ್ಲುತ್ತದೆ. ಇನ್ನು ಇದನ್ನು ಹೇಗೆ ಬಗೆಹರಿಸುತ್ತಾರಪ್ಪ ಎಂದು ನಾನು ಉಸಿರು ಬಿಗಿಹಿಡಿದು ಕೂತಿದ್ದರೆ, ಕೊನೆಯ ಹತ್ತು ನಿಮಿಷದಲ್ಲಿ ಹುಡುಗಿಯ ತೋಳಿನ ಮೇಲೊಂದು ಮಚ್ಚೆ ಸಿಕ್ಕಿತು. ಅವಳು ಮಗುವಾಗಿದ್ದಾಗ ಕಳೆದುಹೋಗಿದ್ದ ಪುರೋಹಿತರ ಮಗಳಂತೆ! ದೊಣ್ಣೆಗಳೆಲ್ಲ ಕೆಳಗಿಳಿದವು, ಓಲಗ ಊದಿತು, ಸಮಾಜ ಸುಧಾರಣೆ ಮುಗಿಯಿತು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೆದರು. ಅವ್ವ ಮಾತ್ರ ಬಸ್ ಸ್ಟ್ಯಾಂಡಿನವರೆಗೂ ಸಿಡಿಸಿಡಿ ಎನ್ನುತ್ತಲೇ ಬಂದಳು. “ಅಷ್ಟು ವರ್ಸ ಎದೆ ಮ್ಯಾಲಿಟ್ಕಂಡು ಸಾಕ್ದೋಳು ಮೂಲೇಲಿ ನಿಂತಿದ್ಲಲ್ಲ, ನಿನ್ನ ಹೊಟ್ಟೆಗೆ ಏನಮ್ಮಾ ಗತಿ ಅಂತ ಒಬ್ರಾದ್ರೂ ಕೇಳುದ್ರಾ? ಮಗ್ಳುನ್ನ ಕರ್ಕಂಡು ಹೋಗೇಬುಟ್ರು!” ಪತ್ರಿಕೆಗಳಲ್ಲಿ ಸಿನಿಮಾ ವಿಮರ್ಶೆ ಬರೆಯುವ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ.

ಮುಂದೆ ನಾನು ಟೀಚರ್ ಆದೆ. ಎಂಬತ್ತರ ದಶಕದಲ್ಲಿ ಮಧುಗಿರಿ–ಪಾವಗಡ ರಸ್ತೆಯಿಂದ ಎರಡು ಮೈಲಿ ಒಳಗಿದ್ದ ಒಂದು ಹಳ್ಳಿಗೆ ವರ್ಗವಾಯಿತು. ಬಾಡಿಗೆಗೆ ಮನೆ ಕೇಳಿಕೊಂಡು ಹೋದಾಗ ಆ ಊರಿನ ಖಾಲಿ ಮನೆಗಳಿಗೆಲ್ಲ ಇದ್ದಕ್ಕಿದ್ದಂತೆ ನೆಂಟರು ಬರುವವರಿದ್ದರು. ಕೊನೆಗೆ ಅಲ್ಲಿನ ಕಾಲೋನಿಯಲ್ಲೇ ನನಗೂ ಅವ್ವನಿಗೂ ಒಂದು ಜನತಾ ಮನೆ ಸಿಕ್ಕಿತು; ಒಂದು ಬಾಗಿಲು, ಬೀದಿಗೆ ಒಂದು ಪುಟ್ಟ ಕಿಟಕಿ. ಬೇಸರವಾದರೆ ಸಿನಿಮಾ ನೋಡಲು ಪಾವಗಡಕ್ಕೆ ಹೋಗಬೇಕು. ಅಲ್ಲಿ ಎಲ್ಲವೂ ತೆಲುಗು. ತೆಲುಗಿನಲ್ಲೂ ಮಚ್ಚೆ ಅದೇ ತೋಳಿನ ಮೇಲಿರುತ್ತದೆಂದು ಗೊತ್ತಾದ ಮೇಲೆ ನಾನು ಬಸ್ ಚಾರ್ಜು ಉಳಿಸಿ ಶಿರಾದಲ್ಲಿ ಒಂದು ಕಪ್ಪು ಬಿಳುಪು ಟೀವಿ ಕೊಂಡೆ. ಅಂಗಡಿಯ ಸಾಹೇಬರು, “ಪಿಕ್ಚರ್ ಏಕ್‌ದಂ ಸಾಫ್ ಬರ್ತದೆ ಟೀಚರಮ್ಮ, ಶಿಕಾಯತ್ತೇ ಇಲ್ಲ” ಎಂದು ಮುದ್ದಿನಿಂದ ಅದರ ತಲೆ ಸವರಿ ಕಳಿಸಿಕೊಟ್ಟರು. ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಟೀವಿಯ ಕಾರ್ಯಕ್ರಮಗಳ ಬಗ್ಗೆಯೂ ನನ್ನ ಅಭಿಪ್ರಾಯಗಳು ಬೇಗ ತಯಾರಾದವು. ಕೃಷಿ ಕಾರ್ಯಕ್ರಮದಲ್ಲಿ ಇಸ್ತ್ರಿ ಶರ್ಟಿನ ರೈತರು ಪೆನ್ನು ಜೇಬಿಗಿಟ್ಟುಕೊಂಡು ಗೊಬ್ಬರದ ಗುಂಡಿ ತೋರಿಸುತ್ತಿದ್ದರು. ವಾರ್ತೆ ಓದುವವರ ಮುಖ ನೋಡಿದರೆ ದೇಶದಲ್ಲಿ ನಡೆದದ್ದಕ್ಕೆಲ್ಲ ನಾವೇ ಕಾರಣ ಎನ್ನಿಸುತ್ತಿತ್ತು. ನನಗೆ ಬಹಳ ಇಷ್ಟವಾಗುತ್ತಿದ್ದದ್ದು ಪ್ರಸಾರ ನಿಂತಾಗ ಬರುತ್ತಿದ್ದ, ಅಡಚಣೆಗಾಗಿ ಕ್ಷಮೆ ಕೇಳುವ ಫಲಕ. ನಮ್ಮನ್ನು ಯಾರಾದರೂ ಕ್ಷಮೆ ಕೇಳುವುದು ಅಪರೂಪವಾದ್ದರಿಂದ ನಾನು ಅದನ್ನು ಪೂರ್ತಿ ನೋಡುತ್ತಿದ್ದೆ.

ಅವ್ವನಿಗೆ ಟೀವಿಗಿಂತ ದೊಡ್ಡ ಆಸೆಯೊಂದಿತ್ತು. ನಾವು ಹೋಗಿ ಎರಡು ವರ್ಷವಾದರೂ ಊರಿನವರು ಯಾರೂ ನಮ್ಮ ಹೊಸ್ತಿಲು ದಾಟಿರಲಿಲ್ಲ. ಮಕ್ಕಳ ವಿಷಯ ಮಾತಾಡಲು ಬಂದವರು ಬೀದಿಯಲ್ಲೇ ನಿಂತು ಕೂಗುತ್ತಿದ್ದರು. “ಒಬ್ರಾದ್ರೂ ಒಳೀಕ್ ಬಂದು ಒಂದ್ಲೋಟ ಕಾಪಿ ಕುಡೀಲಿ ಕಣೇ. ಅಷ್ಟಾದ್ರೆ ಸಾಕು ನಂಗೆ” ಎನ್ನುತ್ತಿದ್ದಳು ಅವ್ವ. ನಾನು ಮೂಗು ಮುರಿಯುತ್ತಿದ್ದೆ. ಆದರೆ ಬೀದಿಯಲ್ಲಿ ಯಾರದಾದರೂ ಚಪ್ಪಲಿ ಸದ್ದು ನಿಧಾನವಾದಾಗಲೆಲ್ಲ ಅವಳು ತಲೆಯೆತ್ತಿ ಬಾಗಿಲು ನೋಡುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು.

ಊರಲ್ಲಿ ಇನ್ನೊಂದು ಟೀವಿ ಇದ್ದದ್ದು ಪಟೇಲರ ಮನೆಯಲ್ಲಿ. ಪಟೇಲಗಿರಿ ಹೋಗಿ ಎಷ್ಟೋ ಕಾಲವಾಗಿದ್ದರೂ ಗತ್ತು ಹೋಗಿರಲಿಲ್ಲ. ಭಾನುವಾರ ಬೆಳಿಗ್ಗೆ ಬರುತ್ತಿದ್ದ ಪುರಾಣದ ಧಾರಾವಾಹಿಗೆ ಊರೆಲ್ಲ ಅವರ ಪಡಸಾಲೆಯಲ್ಲಿ ಸೇರುತ್ತಿತ್ತು. ಮಾತೆಲ್ಲ ಹಿಂದಿ, ಒಬ್ಬರಿಗೂ ಒಂದಕ್ಷರ ಬಾರದು. ಆದರೆ ಕತೆ ಎಲ್ಲರಿಗೂ ಮೊದಲೇ ಗೊತ್ತಿದ್ದರಿಂದ ತೊಂದರೆಯಿರಲಿಲ್ಲ. ಒಂದು ಬಾಣ ಬಿಲ್ಲು ಬಿಟ್ಟು ಎದುರಾಳಿಯನ್ನು ಮುಟ್ಟಲು ಎರಡು ಭಾನುವಾರ ತಗೊಳ್ಳುತ್ತಿತ್ತು. ಅಂತೂ ಇಂತೂ ಮಹಾಯುದ್ಧ ಶುರುವಾಗುವ ಹೊತ್ತಿಗೆ, ಒಂದು ದಿನ ಕರೆಂಟು ಜಾಸ್ತಿ ಹರಿದು ಪಟೇಲರ ಟೀವಿ ಸುಟ್ಟುಹೋಯಿತು.

ಮುಂದಿನ ಭಾನುವಾರ ನಮ್ಮ ಮನೆಯ ಮುಂದೆ ಇಪ್ಪತ್ತು ಜನ. ಪಟೇಲರು, ಅವರ ವಯಸ್ಸಾದ ತಾಯಿ, ಹಿಂದೆ ಮುಂದೆ ಊರಿನ ದೊಡ್ಡವರು. ಅವ್ವ ಗಡಿಬಿಡಿಯಲ್ಲಿ ನೆಲ ಒರೆಸಿ, ಇದ್ದ ಚಾಪೆಗಳನ್ನೆಲ್ಲ ಹಾಸಿ, ಒಲೆಯ ಮೇಲೆ ಬೆಲ್ಲದ ಕಾಫಿಗೆ ಇಟ್ಟಳು. “ಬರ್ರವ್ವ, ಒಳೀಕ್ ಬರ್ರಪ್ಪ” ಎಂದು ಕರೆದಳು. “ಇರ್ಲಿ ಬುಡಮ್ಮ, ಇಲ್ಲೇ ಗಾಳಿ ಚೆನ್ನಾಗೈತೆ” ಎಂದರು ಪಟೇಲರು. ಗಾಳಿಯಾಡುತ್ತಿರಲಿಲ್ಲ, ಬಿಸಿಲು ನೆತ್ತಿ ಸುಡುತ್ತಿತ್ತು. ಬಿಸಿಲು ಬಿದ್ದು ಟೀವಿಯ ಗಾಜು ಹೊಳೆಯದಿರಲೆಂದು ಕಿಟಕಿಯ ಮೇಲಿಂದ ಚಪ್ಪರದಂತೆ ಕಂಬಳಿ ಕಟ್ಟಿ, ಅದರಡಿಯೂ ಅದರಾಚೆಯ ಬಿಸಿಲಲ್ಲೂ ಕೂತು, ಕಿಟಕಿಯೊಳಗಿಂದ ನಮ್ಮ ಟೀವಿ ನೋಡಿದರು. ಅವರಿಗೆ ಕಾಣಲೆಂದು ಅವ್ವ ಟೀವಿಯನ್ನು ಕಿಟಕಿಯ ಕಡೆಗೇ ತಿರುಗಿಸಿಟ್ಟಿದ್ದಳು. ನಾವಿಬ್ಬರೂ ಪಕ್ಕದಿಂದ ಕತ್ತು ಚಾಚಿ ನೋಡುತ್ತಿದ್ದೆವು. ದೇವತೆಗಳೆಲ್ಲ ಸಪೂರವಾಗಿ ಕಾಣುತ್ತಿದ್ದರು. ಕಾಫಿ ಒಲೆಯ ಮೇಲೆ ಹಾಗೇ ಉಳಿಯಿತು.

ಮೂರು ಭಾನುವಾರ ಹೀಗೇ ನಡೆಯಿತು. ಕಿಟಕಿ ಮುಚ್ಚಿಬಿಡುತ್ತೇನೆ ಎಂದು ನಾನು, ಬೇಡ ಬೇಡ ಎಂದು ಅವ್ವ. “ಇವತ್ತಲ್ಲ ನಾಳೆ ಬತ್ತಾರೆ ಕಣೇ” ಎಂದು ಪ್ರತಿ ವಾರವೂ ಚಾಪೆ ಹಾಸಿದಳು. ನಾಲ್ಕನೆಯ ಭಾನುವಾರ ಯುದ್ಧ ಜೋರಾಗಿದ್ದಾಗ ಅವ್ವ ಮೈಮರೆತು ಚಾಪೆಯ ಮೇಲೆ ಸ್ವಲ್ಪ ಮುಂದಕ್ಕೆ ಸರಿದಳು. ಹೊರಗಿನಿಂದ ಪಟೇಲರ ದನಿ ಬಂತು: “ಟೀಚರಮ್ನೋರೇ, ನಿಮ್ಮವ್ವಂಗೆ ಒಸಿ ಪಕ್ಕಕ್ಕೋಗಾಕ್ ಹೇಳಿ. ಅಡ್ಡ ಬತ್ತಾವ್ರೆ.”

ಅವ್ವ ತಪ್ಪು ಮಾಡಿದವಳ ಮುಖ ಮಾಡಿಕೊಂಡು ಏಳತೊಡಗಿದಳು. ನನ್ನ ಪಿತ್ತ ನೆತ್ತಿಗೇರಿತು. ಎದ್ದುಹೋಗಿ, ಮೇಜಿನ ಸಮೇತ ಟೀವಿಯನ್ನು ಕಿಟಕಿಗೆ ಆನಿಸಿ, ಮುಖ ಒಳಗೆ ಬೆನ್ನು ಹೊರಗೆ ಮಾಡಿ ನಿಲ್ಲಿಸಿದೆ. “ನೋಡುವವರು ಒಳಗೆ ಬನ್ನಿ. ಚಾಪೆ ಹಾಸಿದೆ” ಎಂದೆ.

ಯಾರೂ ಎದ್ದು ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ನಾನು ಬಾಗಿಲಿಂದ ಇಣುಕಿ ನೋಡಿದೆ. ಶಂಖದ ಸದ್ದು ಕೇಳುತ್ತಲೇ ಎಲ್ಲರೂ ಟೀವಿಯ ಬೆನ್ನಿಗೆ ಕೈ ಮುಗಿದರು. ಯಾರೋ ಕಿಟಕಿಯ ಸಂದಿಗೆ ಊದುಬತ್ತಿ ಸಿಕ್ಕಿಸಿದ್ದರು. ಅದರ ಹೊಗೆ ಟೀವಿಯ ಹಿಂದಿನ ತೂತುಗಳೊಳಗೆ ಹೋಗುತ್ತಿತ್ತು. ಅರ್ಥವಾಗದ ಭಾಷೆಯನ್ನು, ಕಾಣದ ಯುದ್ಧವನ್ನು, ಸುಡುವ ಬಿಸಿಲಲ್ಲಿ ಕೂತು ಅಷ್ಟು ಭಕ್ತಿಯಿಂದ ಕೇಳಿದವರನ್ನು ನಾನು ಬೇರೆಲ್ಲೂ ನೋಡಿಲ್ಲ. ಒಳಗೆ ಬರಲು ಬೇಕಾಗಿದ್ದದ್ದು ನಾಲ್ಕು ಹೆಜ್ಜೆ.

ಆ ನಾಲ್ಕು ಹೆಜ್ಜೆ ಇಟ್ಟದ್ದು ಪಟೇಲರ ತಾಯಿ. “ಅವ್ವಾ!” ಎಂದು ಮಗ ಗದರಿದರೆ, “ಸುಮ್ಕಿರ್ಲಾ, ಡಬ್ಬದ ಬೆನ್ನು ನೋಡಾಕಾ ನಾನು ಬಂದಿರಾದು?” ಎಂದು ಕೋಲೂರಿಕೊಂಡು ಒಳಗೆ ಬಂದೇಬಿಟ್ಟರು. ಬಾಗಿಲಿಗೆ ಮರೆಯಾಗಿದ್ದ ಚಾಪೆಯ ಮೂಲೆಯಲ್ಲಿ ಕೂತು, ಹನಿಗಣ್ಣಾಗಿ ಯುದ್ಧ ನೋಡಿದರು. ಅವ್ವ ಕಾಫಿ ಲೋಟ ತಂದು ಅವರ ಮುಂದಿಟ್ಟಳು. ಮುದುಕಿ ಲೋಟ ನೋಡಿದರು. ಆಮೇಲೆ ಕಿಟಕಿಯ ಕಡೆ ನೋಡಿದರು. ಟೀವಿ ಕಿಟಕಿಯನ್ನು ಪೂರ್ತಿ ಮುಚ್ಚಿತ್ತು, ಹೊರಗಿನವರಿಗೆ ಒಳಗಿನದೇನೂ ಕಾಣುವಂತಿರಲಿಲ್ಲ. ಗಟಗಟನೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. “ಚೆನ್ನಾಗೈತೆ” ಎಂದರು ಮೆಲ್ಲಗೆ. ಎದ್ದು ಹೊರಡುವಾಗ ನನ್ನ ಕಿವಿಯ ಹತ್ತಿರ ಬಂದು, “ಬರೋ ವಾರಾನೂ ಟೀವೀನ ಹಿಂಗೇ ಮಡಗಿರವ್ವ” ಎಂದರು.

ಹೊಸ್ತಿಲು ದಾಟಿದ್ದೇ ತಡ, ಅವರ ದನಿ ಬೀದಿಗೆಲ್ಲ ಕೇಳುವಷ್ಟು ಏರಿತು. “ದೇವ್ರ ಮುಖ ನೋಡ್ಕಂಡು ಬಂದೆ ಕಣ್ಲಾ, ಅಷ್ಟೇಯ. ಒಂದ್ ತೊಟ್ಟು ನೀರೂ ಬಾಯ್ಗೆ ಮುಟ್ಟುಸ್ಲಿಲ್ಲ.”

ನಾನು ಖಾಲಿ ಲೋಟ ಎತ್ತಿಕೊಂಡು ಬೀದಿಗೆ ಓಡಲು ಹೊರಟೆ. ಅವ್ವ ನನ್ನ ರಟ್ಟೆ ಹಿಡಿದು ಕೂರಿಸಿದಳು. “ನಿನ್ನ ಆಸೆ ತೀರಿತಲ್ಲ, ಈಗ ಸಂತೋಷವಾ?” ಎಂದು ಅವಳ ಮೇಲೇ ಸಿಟ್ಟು ತೀರಿಸಿಕೊಂಡೆ. ಅವ್ವ ನನ್ನ ಕೈಯಿಂದ ಲೋಟ ತಗೊಂಡು ತೊಳೆದಿಟ್ಟಳು. ಆಮೇಲೆ, “ಆಯಮ್ಮ ಕುಡಿಯೋ ತಂಕ ಯಾರಾದ್ರೂ ನೋಡ್ಬುಟ್ರೆ ಅಂತ ನಾನೂ ಬಾಗ್ಲು ಕಾಯ್ತಾ ನಿಂತಿದ್ದೆ ಕಣೇ” ಎಂದಳು. “ನನ್ನ ಮನೇಲಿ, ನಾನು ಕಾಯ್ಸಿದ್ ಕಾಪಿಗೆ, ನಾನ್ಯಾಕೆ ಕಳ್ಳಿ ಆಗ್ಬೇಕು?”

ಮುಂದಿನ ಭಾನುವಾರ ಟೀವಿಯನ್ನು ಎತ್ತ ತಿರುಗಿಸಬೇಕೆಂದು ನಾನು ಕೇಳಲಿಲ್ಲ. ಅವ್ವ ತಾನೇ ಎದ್ದು, ಟೀವಿಯ ಮುಖ ಒಳಗೇ ಇರಲು ಬಿಟ್ಟು, ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಕೂತವರು ಬೀದಿಗೆಲ್ಲ ಕಾಣುವಂತೆ ಹೊಸ್ತಿಲಿನ ಎದುರಿಗೇ ಚಾಪೆ ಹಾಸಿದಳು. ಬಂದವರು ಬಾಗಿಲವರೆಗೆ ಬಂದು, ನೋಡಿ, ಒಬ್ಬೊಬ್ಬರಾಗಿ ಹಿಂದಿರುಗಿದರು. ಮುದುಕಿ ಕೊನೆಯವರೆಗೂ ಕೋಲೂರಿ ನಿಂತಿದ್ದು, ಅವರೂ ಹೋದರು. ಅವ್ವ ಕರೆಯಲಿಲ್ಲ. ಲೋಟದ ತುಂಬ ಕಾಫಿ ಬಗ್ಗಿಸಿಕೊಂಡು ಚಾಪೆಯ ನಟ್ಟನಡುವೆ ಕೂತು, ಅವತ್ತಿನ ಯುದ್ಧವನ್ನು ಅವಳು ನೇರವಾಗಿ ನೋಡಿದಳು.