ನಡುವಿನ ವರಾಂಡ

ಸೇಡಂ ಆಸ್ಪತ್ರೆಯ ಒಂದು ತುದಿಗೆ, ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದ ನರ್ಸ್ ಒಬ್ಬರು ನೋಡಿಕೊಳ್ಳುತ್ತಿದ್ದ ಕುಟುಂಬ ಯೋಜನೆಯ ಕೋಣೆ. ಇನ್ನೊಂದು ತುದಿಗೆ ನಮ್ಮ ಸಂಸ್ಥೆಯ ಎಚ್‌ಐವಿ ಪರೀಕ್ಷೆಯ ಕೋಣೆ. ಎರಡೂ ಕಡೆಯವರು ಕೂಡಿ ಕೆಲಸ ಮಾಡಬೇಕೆಂದು ಸಭೆಗಳಲ್ಲಿ ಒಪ್ಪಿದ್ದೆವು. ನಡುವಿನ ಉದ್ದನೆಯ ವರಾಂಡವನ್ನು ಹೆಂಗಸರು ದಾಟುವುದು ಹೇಗೆಂದು ಮಾತ್ರ ಯಾರೂ ಕೇಳಿರಲಿಲ್ಲ. ನಮ್ಮ ಬೆಂಚಿನ ಮೇಲೆ ಕುಳಿತವರನ್ನು ಊರೇ ನೋಡುತ್ತಿತ್ತು.

ಸಿಸ್ಟರ್ ಪರೀಕ್ಷೆಗೆ ಯಾರನ್ನೂ ಒಬ್ಬರನ್ನೇ ಕಳಿಸುತ್ತಿರಲಿಲ್ಲ. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ನಡಿ ಯವ್ವಾ, ನಾನೂ ಆ ಕಡಿಗೇ ಹೊಂಟೀನಿ” ಎಂದು ಜೊತೆಗೆ ಬಂದು ಅದೇ ಬೆಂಚಿನ ಮೇಲೆ ಕೂಡುತ್ತಿದ್ದರು.

ಹಾಗೆ ಕೂತು ಕೂತು, ಅವರಿಗೇ ಆ ರೋಗವಿದೆ ಎಂಬ ಸುದ್ದಿ ಹಬ್ಬಿತು. ಎದುರಿನ ಚಹಾದಂಗಡಿಯವನು ಅವರ ಗ್ಲಾಸನ್ನು ಬೇರೆ ಇಟ್ಟ. ನನಗೆ ತಡೆಯಲಾಗಲಿಲ್ಲ.

“ಇನ್ಮ್ಯಾಲ ನೀವು ಇಲ್ಲಿ ಕುಂದರಬ್ಯಾಡ್ರಿ, ಸಿಸ್ಟರ್.”

“ನನಗ ಏನೂ ಇಲ್ಲ, ಆದ್ರೂ ಗ್ಲಾಸ್ ಬ್ಯಾರೆ ಇಟ್ಟಾರ. ರೋಗ ಇದ್ದಾಕಿಗಿ ಒಬ್ಬಾಕಿನೇ ಕುಂದ್ರು ಅಂತ ಹೆಂಗ ಹೇಳ್ಲಿರಿ?”

ಮರುದಿನ ಕೋಡ್ಲಾದಿಂದ ಬಂದ ಹೆಂಗಸೊಬ್ಬಳು ಫಲಿತಾಂಶಕ್ಕಾಗಿ ಕಾಯುತ್ತ ಬೆಂಚಿನ ತುದಿಗೆ ಮುದುಡಿ ಕುಳಿತಿದ್ದಳು. ಸಿಸ್ಟರ್ ಆ ಬೇರೆ ಗ್ಲಾಸಿನಲ್ಲೇ ಚಹಾ ತಂದು ಅವಳ ಕೈಗೆ ಕೊಟ್ಟರು. ಅವಳು ಅಂಜುತ್ತ ಅರ್ಧ ಕುಡಿದಿಟ್ಟಳು.

ಉಳಿದದ್ದನ್ನು ಸಿಸ್ಟರ್ ಕುಡಿದರು.