ಹೀರೇಕಾಯಿಗೆ ಕಟ್ಟಿದ ಕರಿ ಅರಿವೆ

ಒಂದು ಹೀರೇಕಾಯಿಗೆ ಒಂದು ಇಳಕಲ್ ಸೀರೆ ಕೊಟ್ಟವನು ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಕಾಯಿಯಾದರೂ ಎಂಥದು? ಬಲಿತು ನಾರಾಗಿ, ಹೊಗೆ ಹಿಡಿದು, ಪಲ್ಯಕ್ಕೂ ಬಾರದ್ದು. ಸೀರೆಯೋ, ದೀಪಾವಳಿಗೆಂದು ಹೆಂಡತಿಗೆ ತೆಗೆದಿಟ್ಟ, ಕೆಂಪು ಸೆರಗಿನ, ಮಡಿಕೆ ಬಿಚ್ಚದ ಹೊಸ ಸೀರೆ. ಯಾಕೆ ಕೊಟ್ಟೆ ಅಂದರೆ, ಆ ಕಾಯಿ ಇಲ್ಲದೆ ಮನೆಗೆ ಮರಳುವ ಮುಖ ನನಗಿರಲಿಲ್ಲ.

ಇವತ್ತು ಬೆಳಿಗ್ಗೆ ಸೊಸೆ ಚಟ್ನಿಗೆಂದು ಹೀರೇಕಾಯಿ ಸಿಪ್ಪೆ ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇದೆಲ್ಲ ನೆನಪಾಯಿತು. ನನಗೀಗ ಅಂಗಡಿ ತೆರೆಯುವ ಅವಸರವಿಲ್ಲ. ನೀವೂ ಕೂತಿದ್ದೀರಿ, ಕೇಳಿ.

ಅದು ಐವತ್ತರ ದಶಕದ ಕೊನೆ. ಹೆಗಲ ಮೇಲೆ ಅರಿವೆಯ ಗಂಟು ಹೊತ್ತು ಇಂಡಿ, ಸಿಂದಗಿ, ಮುದ್ದೇಬಿಹಾಳದ ಸಂತೆಗಳನ್ನು ತಿರುಗಿ, ಬಸವನ ಬಾಗೇವಾಡಿಯಲ್ಲಿ ಹಿತ್ತಲಿದ್ದ ಒಂದು ಮನೆ ಮಾಡಿಕೊಂಡಿದ್ದೆ. ಚೌಕಾಸಿಯೇ ನನ್ನ ವಿದ್ಯೆ. ಕೇಳಿದ ಬೆಲೆಗೆ ಉಪ್ಪನ್ನೂ ಕೊಂಡವನಲ್ಲ. ಒಮ್ಮೆ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸಿನ ಮುಂದೆ ಕೂತು ಬೆಂಡೆಕಾಯಿ ಮುರಿಮುರಿದು ನೋಡುತ್ತ ಬೆಲೆ ಇಳಿಸುತ್ತಿದ್ದೆ. ಅವಳಿಗೆ ಸಾಕಾಗಿ ಹೋಯಿತು. "ಸಾವಕಾರ್ರ, ಇಷ್ಟು ಸೋವಿ ಬೇಕಂದ್ರ ನಿಮ್ಮ ಹಿತ್ತಲದಾಗ ನೀವ ಬೆಳಕೋರಿ!" ಅಂದಳು. ಸುತ್ತಲಿದ್ದವರು ನಕ್ಕರು. "ಬೆಳದ ತೋರಸ್ತೇನಿ" ಎಂದು ಎದ್ದುಬಂದೆ.

ಅರಿವೆ ಅಳೆಯುವ ಗಜಕಟ್ಟಿಗೆ ಹಿಡಿದ ಕೈ ಸಲಿಕೆ ಹಿಡಿದದ್ದು ಹೀಗೆ. ಮೊಳಕೈ ಆಳದ ಗುಂಡಿ ತೋಡಿದೆ. ಸಂತೆಯಲ್ಲಿ ಸೋವಿಗೆ ಸಿಕ್ಕ ಬೀಜವನ್ನೆಲ್ಲ ಒಂದೇ ಕಡೆ ಸುರಿದೆ. ಮುಂಜಾನೆ ಎದ್ದವನೇ ಮೊಳಕೆ ಬಂತೋ ಇಲ್ಲವೋ ಎಂದು ಮಣ್ಣು ಕೆದರಿ ನೋಡಿ ಮತ್ತೆ ಮುಚ್ಚುತ್ತಿದ್ದೆ. ಹಿತ್ತಲ ಗೋಡೆಯಾಚೆ ಹುಸೇನಬಿಯ ಮನೆ. ಗಂಡ ತೀರಿಕೊಂಡ ಮೇಲೆ ಎಮ್ಮೆ ಕಟ್ಟಿಕೊಂಡು, ಹಿತ್ತಲಲ್ಲಿ ಕಾಯಿಪಲ್ಲೆ ಬೆಳೆದು ಮಕ್ಕಳನ್ನು ಸಾಕಿದಾಕೆ. ಓಣಿಗೆಲ್ಲ ಆಕೆ ಹುಸೇನಕ್ಕ. ಎರಡು ದಿನ ನನ್ನ ಆಟ ನೋಡಿದಳು. ಮೂರನೆಯ ದಿನ ಗೋಡೆಯ ಮೇಲೆ ಮುಖ ಕಾಣಿಸಿತು.

"ತಮ್ಮಾ, ಅದೇನ ಹೂತಿಟ್ಟ ಗಂಟೇನೋ? ದಿನಾ ತಗದ ನೋಡಾಕತ್ತೀಯಲ್ಲ!"

ನನ್ನ ಬೀಜವೆಲ್ಲ ಕೊಳೆತುಹೋಗಿತ್ತು. ಆಕೆ ಸೆರಗಿನ ಗಂಟು ಬಿಚ್ಚಿ ಆರು ಕಪ್ಪು ಬೀಜ ಕೊಟ್ಟಳು. ಬೆರಳ ಗೆಣ್ಣಿನಷ್ಟೇ ಆಳ, ಬಚ್ಚಲ ನೀರು ಹರಿಯುವ ಕಡೆ, ಒಂದರಿಂದ ಒಂದು ಮಾರು ದೂರ ಎಂದು ಹೇಳಿಕೊಟ್ಟಳು.

"ಏನ ಕೊಡ್ಲಿ ಅಕ್ಕಾ?" ಎಂದೆ.

"ಬೀಜಕ್ಕ ರೊಕ್ಕಾ ತಗೋಬಾರದೋ. ಬೆಳದ ಮ್ಯಾಲ ಬೀಜಾನ ತಿರುಗಿ ಕೊಡು, ಮುಗೀತು."

ಪುಕ್ಕಟೆ ಮಾಲು ಸಿಕ್ಕಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಆ ಮಾತಿನ ತೂಕ ನನಗಾಗ ತಿಳಿಯಲಿಲ್ಲ.

ಬಳ್ಳಿ ಗೋಡೆ ಏರಿತು. ಹಳದಿ ಹೂ ಬಿಟ್ಟಿತು. ಬಿಟ್ಟ ಹೂವೆಲ್ಲ ಉದುರತೊಡಗಿತು, ಕಾಯಿ ಮಾತ್ರ ಇಲ್ಲ. ಪುಕ್ಕಟೆ ಸಿಕ್ಕಾಗಲೇ ಅನುಮಾನಪಡಬೇಕಿತ್ತು ಎಂದುಕೊಂಡು ಹುಸೇನಕ್ಕನ ಮುಂದೆ ಮುಖ ಗಂಟಿಕ್ಕಿದೆ. ಆಕೆ ನಕ್ಕಳು. "ಅವು ಗಂಡು ಹೂವೋ ತಮ್ಮಾ. ಗಂಡಸ್ರು ಮದಲ ಬಂದು ಕಟ್ಟಿ ಮ್ಯಾಲ ಕುಂಡ್ರತಾರ. ಕೆಲಸಾ ಆಗಬೇಕಂದ್ರ ಹೆಂಗಸ್ರು ಬರಬೇಕು. ತಡಿ." ನನ್ನ ಹೆಂಡತಿ ನೀಲವ್ವ ಪಾತ್ರೆ ತಿಕ್ಕುವುದನ್ನು ಬಿಟ್ಟು ನಕ್ಕಳು. ಎಂಟು ದಿನಕ್ಕೆ ಕಾಯಿ ಕಾಣಿಸಿತು. ಕಹಿ ಅನ್ನುವುದೇ ಇಲ್ಲದ, ಬೆಣ್ಣೆಯಂಥ ಕಾಯಿ. ಆ ತಳಿ ಬೇರೆ ಯಾರ ಹಿತ್ತಲಲ್ಲೂ ಇರಲಿಲ್ಲ.

ಆಮೇಲೆ ಜಿಟಿಜಿಟಿ ಮಳೆ ಹಿಡಿದು ಹುಸೇನಕ್ಕನ ಹಿತ್ತಲ ಗೋಡೆ ಬೀದಿಯ ಕಡೆಗೆ ಬಿತ್ತು. ಆಡುಗಳು ನುಗ್ಗಿ ಆಕೆಯ ಬಳ್ಳಿಗಳನ್ನೆಲ್ಲ ಬುಡಸಹಿತ ಮೇಯ್ದವು. ಉಳಿದದ್ದು ನನ್ನದೊಂದೇ. ಮರುದಿನ ಆಕೆ ನಮ್ಮ ಹಿತ್ತಲಿಗೆ ಬಂದು, ಕನ್ಯೆ ನೋಡಲು ಬಂದವರ ಹಾಗೆ ಒಂದೊಂದೇ ಕಾಯಿ ಮುಟ್ಟಿ, ಬುಡದ ಹತ್ತಿರದ ನೀಳ ಕಾಯಿಯೊಂದರ ತೊಟ್ಟಿಗೆ ಕರಿ ಅರಿವೆಯ ಚೂರು ಕಟ್ಟಿ ಹೋದಳು. ದೃಷ್ಟಿಯಾಗಬಾರದೆಂದು ಕಟ್ಟಿದಳೆಂದು ನಾನು ತಿಳಿದೆ. ಆಕೆ ಬಿಡಿಸಿ ಹೇಳಲಿಲ್ಲ. ಇದು ತಿಳಿಯದವರೂ ಇರುತ್ತಾರೆಂದು ಆಕೆಗೆ ಹೊಳೆದಿರಲಿಕ್ಕಿಲ್ಲ.

ಉಳಿದ ಕಾಯಿಗಳನ್ನೆಲ್ಲ ತಿಂದೆವು. ಅರಿವೆ ಕಟ್ಟಿದ್ದು ಬೆಳೆದು ಬೆಳೆದು ಬಣ್ಣಗೆಡತೊಡಗಿತು. ನನ್ನ ವ್ಯಾಪಾರದ ಬುದ್ಧಿಗೆ ಅದನ್ನು ನೋಡಲಾಗಲಿಲ್ಲ. ಇಟ್ಟ ಮಾಲು ಕೆಟ್ಟ ಮಾಲು. ಅದೇ ಹೊತ್ತಿಗೆ ಮುದ್ದೇಬಿಹಾಳದಲ್ಲಿ ಅಂಗಡಿಯ ಖೋಲಿಯೊಂದರ ಬಾಡಿಗೆ ಮಾತಾಡುವುದಿತ್ತು. ಆ ಕಾಯಿ ಕಿತ್ತು, ಕರಿ ಅರಿವೆಯನ್ನು ಬಳ್ಳಿಗೇ ಬಿಟ್ಟು, ಖೋಲಿಯ ಮಾಲಕರ ಹೆಂಡತಿಗೆ ಒಯ್ದು ಕೊಟ್ಟೆ. ನಾನು ಆಕೆಯನ್ನು ಅತ್ತಿಗೆಯ ಹಾಗೆ ವೈನಿ ಅನ್ನುತ್ತಿದ್ದೆ. ನನ್ನನ್ನೂ ಮೀರಿಸುವ ಚೌಕಾಸಿಯ ಹೆಂಗಸು. ಆದರೂ ಬಾಡಿಗೆ ಇಳಿಯಿತು. ಒಂದು ಕಾಯಿಯಲ್ಲಿ ಕೆಲಸ ಗೆದ್ದೆ ಎಂದು ಬಸ್ಸಿನಲ್ಲಿ ಮೀಸೆ ತಿರುವುತ್ತ ಬಂದೆ.

ವಾರದ ಮೇಲೆ ಹುಸೇನಕ್ಕ ಸಣ್ಣ ಚೀಲ ಹಿಡಿದು ಬಂದಳು. ಬಳ್ಳಿಯಲ್ಲಿ ಬರೀ ಅರಿವೆ ತೂಗುತ್ತಿತ್ತು.

"ತಮ್ಮಾ, ಬೀಜದ ಕಾಯಿ ಎಲ್ಲೈತೋ?"

ನಾನು ಮುದ್ದೇಬಿಹಾಳದ ಪ್ರತಾಪವನ್ನು ಬಣ್ಣಿಸಿ ಹೇಳಿದೆ. ಆಕೆ ಅರಿವೆ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂತಳು.

"ನನ್ನ ಮದಿವ್ಯಾಗ ನಮ್ಮವ್ವ ಈ ಬೀಜಾ ನನ್ನ ಸೆರಗಿಗೆ ಕಟ್ಟಿ ಕಳಿಸಿದ್ಲು. ಬರೂ ವಾರ ನನ್ನ ಮಗಳು ಜುಬೇದಾ ಝಳಕಿಗೆ ಸೊಸಿಯಾಗಿ ಹೊಕ್ಕಾಳ. ಆಕಿ ಸೆರಗಿಗೆ ನಾ ಕಟ್ಟಬೇಕಂತಿದ್ದೆ." ಖಾಲಿ ಚೀಲ ಮಡಚಿಕೊಂಡು, "ಇರಲಿ ಬಿಡೋ. ನಿಂಗೇನ ಗೊತ್ತು" ಎಂದು ಎದ್ದು ಹೋದಳು.

ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಗೆಲ್ಲುತ್ತಿದ್ದೆ. ಬೈಯಲೇ ಇಲ್ಲ. ಬಳ್ಳಿ ಬುಡದಿಂದ ಒಣಗುತ್ತಿತ್ತು. ಅದರಲ್ಲಿ ಉಳಿದಿದ್ದವು ಬೆರಳುದ್ದದ ಎರಡು ಸೊಟ್ಟ ಕಾಯಿಗಳು.

ಮರುದಿನ ನಾನು ಮುದ್ದೇಬಿಹಾಳಕ್ಕೆ ಹೊರಟಾಗ ನೀಲವ್ವ ಟ್ರಂಕಿನಿಂದ ಆ ಇಳಕಲ್ ಸೀರೆ ತೆಗೆದು ನನ್ನ ಚೀಲಕ್ಕೆ ಹಾಕಿದಳು.

"ಆ ವೈನಿ ಪುಕ್ಕಟೆ ಏನೂ ಕೊಡಾಕಿ ಅಲ್ಲಂತ ನೀವ ಹೇಳೀರಿ. ಇದು ಇರಲಿ. ಮತ್ತ ಇವತ್ತೊಂದಿನ ಚೌಕಾಸಿ ಮಾಡಬ್ಯಾಡ್ರಿ."

"ದೀಪಾವಳಿಗೆ ನಿನಗ?"

"ಅರಿವಿ ವ್ಯಾಪಾರಿ ಹೇಂತಿಗೆ ಅರಿವಿ ಬರಾ ಏನ್ರಿ? ಹೋಗ್ರಿ, ಬಸ್ಸು ತಪ್ಪತೈತಿ."

ದಾರಿಯುದ್ದಕ್ಕೂ ಒಂದೇ ಅಂಜಿಕೆ: ತಿಂದುಬಿಟ್ಟಿದ್ದರೆ? ವೈನಿ ಬಾಗಿಲಲ್ಲೇ ಬೈದಳು. "ಅದೇನ ಕಾಯಿನೋ ಮಾರಾಯಾ, ನನ್ನ ಇಳಿಗಿ ಮೊಂಡಾತು! ಒಲಿ ಮ್ಯಾಲ ತೂಗ ಹಾಕೇನಿ. ಒಣಗಿದ್ರ ಮೈ ತಿಕ್ಕಾಕರೆ ಆಗತೈತಿ."

ಹೊಗೆಯಲ್ಲಿ ಒಣಗಿ ತೂಗುತ್ತಿದ್ದ ಆ ಕಾಯಿಯನ್ನು ಕಂಡು ಹೋದ ಜೀವ ಬಂತು. ವ್ಯಾಪಾರಿಯಾದವನು ಬೇಕಾದ್ದನ್ನು ಬೇಡದವನ ಹಾಗೆ ಕೇಳಬೇಕು. ನನ್ನ ಕೈ ಆಗಲೇ ಸೀರೆ ಹೊರತೆಗೆದಿತ್ತು.

"ಹೀರಿಕಾಯಿಗೆ ಸೀರೀನ? ಬಂಗಾರ ತುಂಬೀಯೇನ ಅದರಾಗ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಜ ಕೇಳಿ ಕರಗಿ ಸೀರೆ ತಿರುಗಿ ಕೊಡುತ್ತಾಳೆಂದು ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಆಕೆ ಸೀರೆಯನ್ನು ಹೆಗಲಿಗೆ ಹಚ್ಚಿ ದಡಿ ನೋಡಿದಳು. "ಕಾಯಿ ಒಯ್ಯಿ. ನಾಕ ಬೀಜಾ ನಂಗ ಇಟ್ಟ ಹೋಗು" ಅಂದಳು. ಕಾಯಿಯ ತುದಿ ಮುರಿದು ನಾಲ್ಕು ಬೀಜ ಆಕೆಯ ಕೈಗೆ ಉದುರಿಸಿ, ಒಳಗೇ ಕೈಮುಗಿದೆ. ವ್ಯಾಪಾರವೆಂದರೆ ಅದು.

ಊರಿಗೆ ಬಂದು ಕೊಟ್ಟಾಗ ಹುಸೇನಕ್ಕ ಕಾಯಿಯನ್ನು ಮೊರದ ಮೇಲೆ ಕೊಡವಿದಳು. ನಾನು ಅವಸರಪಟ್ಟು ಕಿತ್ತದ್ದಕ್ಕೆ ಅರ್ಧಕ್ಕರ್ಧ ಬಿಳಿಚಿಕೊಂಡ ಜೊಳ್ಳು. ಕಪ್ಪಗಿದ್ದವನ್ನು ಆರಿಸಿ, ಒಂದು ಪಾಲು ಜುಬೇದಾಳಿಗೆ ಎತ್ತಿಟ್ಟು, ಒಂದು ಪಾಲು ತನ್ನ ಗಂಟಿಗೆ ಕಟ್ಟಿಕೊಂಡು, ಉಳಿದ ಆರನ್ನು ನನ್ನ ಅಂಗೈಗೆ ಹಾಕಿದಳು. "ಮುಂದಿನ ಸಲ ಅರಿವಿ ನೀನ ಕಟ್ಟು."

ಎರಡು ವರ್ಷದ ಮೇಲೆ ನಮ್ಮಿಬ್ಬರ ಮನೆಯ ಬೀಜವನ್ನೂ ಇಲಿಗಳು ತಿಂದವು. ಝಳಕಿಯಲ್ಲಿ ಜುಬೇದಾಳ ಬಳ್ಳಿಗೂ ರೋಗ ಬಿದ್ದಿತ್ತು. ಅಂಜುತ್ತಲೇ ವೈನಿಯ ಬಾಗಿಲಿಗೆ ಹೋದೆ. ಆ ನಾಲ್ಕು ಬೀಜದ ಸಂತಾನ ಆಕೆಯ ಅಂಗಳದ ಚಪ್ಪರದ ತುಂಬ ತೂಗುತ್ತಿತ್ತು. ಆಕೆ ಆ ಇಳಕಲ್ ಸೀರೆಯನ್ನೇ ಉಟ್ಟಿದ್ದಳು. ಬೊಗಸೆ ತುಂಬ ಬೀಜ ಕೊಟ್ಟಳು. ನಾನು ಜೇಬಿಗೆ ಕೈ ಹಾಕಿದರೆ, "ಬೀಜಕ್ಕ ರೊಕ್ಕಾ ತಗೋಬಾರದಂತ ನೀನ ಹೇಳಿದ್ದೆಲ್ಲೋ, ಶಾಣ್ಯಾ!" ಎಂದು ಬೈದಳು. ನನ್ನ ಜನ್ಮದಲ್ಲಿ ಕೊಟ್ಟ ಬೆಲೆಗಿಂತ ಹೆಚ್ಚು ತಿರುಗಿ ಬಂದ ವ್ಯಾಪಾರ ಅದೊಂದೇ, ಅದೂ ಚೌಕಾಸಿ ಬಿಟ್ಟ ದಿನ ಮಾಡಿದ್ದು.

ಇವತ್ತು ಸೊಸೆ ಎಲ್ಲಕ್ಕಿಂತ ದೊಡ್ಡ ಕಾಯಿ ಕೀಳಲು ಹೋಗಿದ್ದಳು. ತಡೆದೆ. ನೀಲವ್ವನ ಹಳೇ ಕುಪ್ಪಸದ ಚೂರು ಹರಿದು ಅದಕ್ಕೆ ಕಟ್ಟಿ, ಯಾಕೆಂದು ಬಿಡಿಸಿ ಹೇಳಿದೆ.

ನಿಮಗೂ ಹೇಳುತ್ತೇನೆ. ಮೊದಲ ಸಲ ಹಿತ್ತಲು ಮಾಡುವವರು ಬೀಜವನ್ನು ಆಳಕ್ಕೆ ಹೂಳಬೇಡಿ, ಕೆದರಿ ನೋಡಬೇಡಿ. ಮೊದಲ ಹೂ ಉದುರಿದರೆ ಅಂಜಬೇಡಿ. ಬುಡದ ಕಡೆಯ ಒಳ್ಳೆಯ ಕಾಯಿಯನ್ನೇ ಬೀಜಕ್ಕೆ ಬಿಡಿ, ಸೊಟ್ಟದ್ದನ್ನು ತಿನ್ನಿ. ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನುವತನಕ ಮುಟ್ಟಬೇಡಿ. ಮುಖ್ಯವಾಗಿ, ಅರಿವೆ ಯಾಕೆ ಕಟ್ಟಿದ್ದೀರೆಂದು ಮನೆಯವರಿಗೆಲ್ಲ ಬಾಯಿಬಿಟ್ಟು ಹೇಳಿ. ಬೀಜ ಬೇಕಾದರೆ ಬನ್ನಿ. ಬರುವಾಗ ಪಾಕೀಟು ಮನೆಯಲ್ಲೇ ಬಿಟ್ಟು ಬನ್ನಿ.